ಹೃದಯ ಸಾಧನವಿರುವವರ ಶಸ್ತ್ರಚಿಕಿತ್ಸೆ: ವೆಚ್ಚ ಮತ್ತು ದಕ್ಷತೆ

ಪೇಸ್‌ಮೇಕರ್, ಐಸಿಡಿ, ಸಿಆರ್‌ಟಿ ಮುಂತಾದ ವಿದ್ಯುತ್ ಸಾಧನಗಳನ್ನು ಎದೆಯಲ್ಲಿ ಅಳವಡಿಸಿಕೊಂಡವರಿಗೆ ಹರ್ನಿಯ, ಪಿತ್ತಕೋಶ, ಮಂಡಿ ಕೀಲು, ಕಣ್ಣಿನ ಪೊರೆ ಮುಂತಾದ ಬೇರೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಆಗ ಆ ಸಾಧನವನ್ನು ಯಾರು ನೋಡಬೇಕು, ಯಾವಾಗ ನೋಡಬೇಕು, ಎಷ್ಟರಮಟ್ಟಿಗೆ ಬದಲಿಸಬೇಕು ಎಂಬ ಪ್ರಶ್ನೆಗಳನ್ನು ಅರಿವಳಿಕೆ ವಿಜ್ಞಾನ ಮತ್ತು ಹೃದಯ ವಿಜ್ಞಾನ ಒಟ್ಟಾಗಿ ಪರಿಶೀಲಿಸುತ್ತವೆ. ಮೊದಮೊದಲು ಇದು ರೋಗಿಯ ಸುರಕ್ಷತೆಯ ಪ್ರಶ್ನೆ ಮಾತ್ರವಾಗಿತ್ತು. ಸಾಧನವಿರುವವರ ಸಂಖ್ಯೆ ಬೆಳೆದಂತೆ ಆಸ್ಪತ್ರೆಯ ಹಣ, ಸಮಯ, ಸಿಬ್ಬಂದಿಗಳ ಪ್ರಶ್ನೆಯೂ ಆಯಿತು. 61 ದೇಶಗಳನ್ನು ಒಳಗೊಂಡ 2009ರ ವಿಶ್ವ ಸಮೀಕ್ಷೆಯ ಪ್ರಕಾರ ಆ ಒಂದೇ ವರ್ಷ ಅಳವಡಿಸಿದ ಪೇಸ್‌ಮೇಕರ್‌ಗಳು 10 ಲಕ್ಷ ದಾಟಿದ್ದವು. ಅವುಗಳಲ್ಲಿ ಸುಮಾರು 7.38 ಲಕ್ಷ ಹೊಸ ರೋಗಿಗಳಿಗೆ, ಉಳಿದವು ಹಳೆಯದರ ಬದಲಿಗೆ ಹಾಕಿದವು. ಐಸಿಡಿಗಳು 3.28 ಲಕ್ಷ. ಇವರಲ್ಲಿ ಬಹುಪಾಲು ವಯಸ್ಸಾದವರು. ಮುಂದಿನ ವರ್ಷಗಳಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆಗೆ ಮೇಜು ಹತ್ತುವವರೂ ಇವರೇ.

ಈ ವಿಷಯದಲ್ಲಿ ಹಣ ಪೋಲಾಗುವುದು ಸಾಧನದಿಂದಲ್ಲ, ಸಾಧನದ ಬಗೆಗಿನ ಮಾಹಿತಿ ಸಕಾಲದಲ್ಲಿ ಸಿಗದಿರುವುದರಿಂದ. ಎದೆಯೊಳಗೆ ಇರುವುದು ಯಾವ ಕಂಪನಿಯ ಯಾವ ಬಗೆಯ ಯಂತ್ರ, ರೋಗಿಯ ಹೃದಯ ಅದನ್ನು ಎಷ್ಟು ನೆಚ್ಚಿಕೊಂಡಿದೆ, ಬ್ಯಾಟರಿ ಎಷ್ಟು ಉಳಿದಿದೆ ಎಂಬ ಮೂರು ಸಂಗತಿಗಳು ವಾರದ ಮುಂಚೆ ಗೊತ್ತಿದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ದಿನ ವಿಶೇಷವಾಗಿ ಏನನ್ನೂ ಮಾಡಬೇಕಾಗಿಲ್ಲ. ಅದೇ ಸಂಗತಿಗಳು ಬೆಳಗ್ಗೆ ಎಂಟು ಗಂಟೆಗೆ, ರೋಗಿ ಥಿಯೇಟರಿನ ಬಾಗಿಲಲ್ಲಿ ಮಲಗಿರುವಾಗ ಬೇಕಾದರೆ ಇಡೀ ತಂಡ ಕೈಕಟ್ಟಿ ಕಾಯಬೇಕಾಗುತ್ತದೆ.

ಸಾಧನಗಳು

ದೇಹದೊಳಗೆ ಪೂರ್ತಿಯಾಗಿ ಅಳವಡಿಸಿದ ಮೊದಲ ಪೇಸ್‌ಮೇಕರ್ 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ಮೈ ಸೇರಿತು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ತಯಾರಿಸಿದ್ದರು, ಓಕೆ ಸೆನ್ನಿಂಗ್ ಶಸ್ತ್ರಚಿಕಿತ್ಸೆ ಮಾಡಿದರು. ಮೊದಲ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಲಾರ್ಸನ್ ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬದಲಿಸಿಕೊಳ್ಳುತ್ತ 2001ರವರೆಗೆ ಬದುಕಿದರು. ಎಂಜಿನಿಯರೂ ವೈದ್ಯರೂ ಅವರಿಗಿಂತ ಮುಂಚೆಯೇ ತೀರಿಕೊಂಡಿದ್ದರು. ಸಾಧನ ಇಟ್ಟುಕೊಂಡೇ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗೆ ಅವರೇ ಮೊದಲ ಉದಾಹರಣೆ. 1970ರ ದಶಕದಲ್ಲಿ ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ರೂಢಿಗೆ ತಂದ ಲಿಥಿಯಂ ಬ್ಯಾಟರಿಯಿಂದ ಪೇಸ್‌ಮೇಕರಿನ ಆಯುಷ್ಯ ಹಲವು ವರ್ಷಗಳಿಗೆ ಹಿಗ್ಗಿತು.

ಪೇಸ್‌ಮೇಕರ್ ನಿಧಾನವಾದ ಹೃದಯವನ್ನು ಸಣ್ಣ ವಿದ್ಯುತ್ ತಾಡನದಿಂದ ಬಡಿಸುತ್ತದೆ. ಐಸಿಡಿಯ ಕೆಲಸ ಬೇರೆ: ಹೃದಯ ಮಾರಕ ವೇಗಕ್ಕೆ ತಿರುಗಿದರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಲಯವನ್ನು ಮರಳಿ ತರುತ್ತದೆ. ಮೈಕೆಲ್ ಮಿರೋವ್‌ಸ್ಕಿ ಮತ್ತು ಸಂಗಡಿಗರ ಪ್ರಯತ್ನದಿಂದ 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಇದನ್ನು ಮೊದಲ ಬಾರಿ ಮನುಷ್ಯನಿಗೆ ಅಳವಡಿಸಲಾಯಿತು. ಇಂದಿನ ಸಾಮಾನ್ಯ ಐಸಿಡಿಗಳಲ್ಲಿ ಪೇಸ್‌ಮೇಕರಿನ ಗುಣವೂ ಇರುತ್ತದೆ. ಸಿಆರ್‌ಟಿ ಸಾಧನ ದುರ್ಬಲಗೊಂಡ ಹೃದಯದ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಬಡಿಸುತ್ತದೆ. ಇದು ಶಾಕ್ ಸಹಿತವಾಗಿಯೂ ಬರುತ್ತದೆ, ರಹಿತವಾಗಿಯೂ ಬರುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಇವಕ್ಕೆ ಬೇಕಾದ ಎಚ್ಚರಿಕೆ ಒಂದೇ ಬಗೆಯದಲ್ಲ. ಈ ವ್ಯತ್ಯಾಸ ತಿಳಿಯದೆ ಎಲ್ಲವನ್ನೂ 'ಹಾರ್ಟ್ ಮಷೀನ್' ಎಂದು ಒಂದೇ ಕಟ್ಟಿಗೆ ಕಟ್ಟುವಲ್ಲಿಂದ ಅನಗತ್ಯ ಖರ್ಚು ಶುರುವಾಗುತ್ತದೆ.

ಕಾಟರಿಯಿಂದ ಆಗುವ ತೊಂದರೆ

1926ರಲ್ಲಿ ಬಾಸ್ಟನ್ನಿನಲ್ಲಿ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ತಯಾರಿಸಿದ ವಿದ್ಯುತ್ ಉಪಕರಣದಿಂದ ಮಿದುಳಿನ ಗಡ್ಡೆಯನ್ನು ತೆಗೆದ ಮೇಲೆ ಕಾಟರಿ ಎಲ್ಲ ಥಿಯೇಟರುಗಳಿಗೂ ಬಂತು. ಕೊಯ್ಯುತ್ತಲೇ ರಕ್ತ ನಿಲ್ಲಿಸುವ ಈ ಉಪಕರಣವೇ ಹೃದಯ ಸಾಧನಕ್ಕೆ ದೊಡ್ಡ ಅಡಚಣೆ. ಮೊನೊಪೋಲಾರ್ ಕಾಟರಿಯಲ್ಲಿ ವಿದ್ಯುತ್ತು ವೈದ್ಯರ ಕೈಯ ಪೆನ್ಸಿಲ್ಲಿನಿಂದ ಹೊರಟು, ರೋಗಿಯ ಮೈಯ ಮೂಲಕ ಹಾದು, ತೊಡೆಗೋ ಪೃಷ್ಠಕ್ಕೋ ಅಂಟಿಸಿದ ಪ್ಲೇಟಿಗೆ ಸೇರುತ್ತದೆ. ಹೃದಯದ ಸ್ವಂತ ಬಡಿತವಾಗಿ ಸಾಧನಕ್ಕೆ ಕೇಳಿಸುವುದು ಕೆಲವೇ ಮಿಲಿವೋಲ್ಟಿನ ಸಂಕೇತ. ಅದರ ಪಕ್ಕದಲ್ಲಿ ಕಾಟರಿಯ ಸಂಕೇತ ಅಬ್ಬರಿಸಿದಾಗ ಸಾಧನ ಅದನ್ನೇ ಹೃದಯದ ಬಡಿತವೆಂದು ಭಾವಿಸುತ್ತದೆ.

ಈ ತಪ್ಪು ತಿಳಿವಳಿಕೆಯ ಪರಿಣಾಮ ಸಾಧನದಿಂದ ಸಾಧನಕ್ಕೆ ಬೇರೆ. ಹೃದಯ ತಾನೇ ಬಡಿಯುತ್ತಿದೆ ಎಂದುಕೊಂಡು ಪೇಸ್‌ಮೇಕರ್ ಸುಮ್ಮನಾಗುತ್ತದೆ. ಸ್ವಂತ ಬಡಿತವೇ ಇಲ್ಲದ ರೋಗಿಯಾದರೆ ಅಷ್ಟು ಹೊತ್ತು ಹೃದಯ ನಿಂತಿರುತ್ತದೆ. ಐಸಿಡಿಗೆ ಅದೇ ಗದ್ದಲ ಮಾರಕ ವೇಗದ ಲಯದಂತೆ ಕಾಣುತ್ತದೆ. ಅದು ಕೆಲವು ಸೆಕೆಂಡ್ ಎಣಿಸಿ, ಚಾರ್ಜ್ ಮಾಡಿಕೊಂಡು ಶಾಕ್ ಹೊಡೆಯಬಹುದು. ಕಣ್ಣಿನ ಅಥವಾ ಬೆನ್ನುಹುರಿಯ ಸೂಕ್ಷ್ಮ ಕೆಲಸದ ನಡುವೆ ರೋಗಿಯ ಮೈ ಒಮ್ಮೆಲೇ ಜಿಗಿದರೆ ಏನಾಗುತ್ತದೆಂಬುದನ್ನು ವಿವರಿಸಬೇಕಿಲ್ಲ. ಕಾಟರಿಯನ್ನು ಒಮ್ಮೆಗೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ನಡುನಡುವೆ ಬಿಡುವು ಕೊಡಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ.

ಆ ಹೊತ್ತಿನಲ್ಲಿ ಅರಿವಳಿಕೆ ತಜ್ಞರ ಕಣ್ಣಿಗೆ ಕಾಣುವುದೇನು? ಕಾಟರಿ ಒತ್ತಿದೊಡನೆ ಮಾನಿಟರಿನ ಇಸಿಜಿ ಗೆರೆ ದಪ್ಪನೆಯ ಗೀಚುಗಳಲ್ಲಿ ಮುಚ್ಚಿಹೋಗುತ್ತದೆ, ಹೃದಯದ ವೇಗವೆಂದು ಬರುವ ಅಂಕಿ ಏನೇನೋ ಹೇಳುತ್ತದೆ. ಆಗ ನೆಚ್ಚಬೇಕಾದ್ದು ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರಿನ ಅಲೆಯನ್ನು ಅಥವಾ ಧಮನಿಯೊಳಗಿನ ರಕ್ತದೊತ್ತಡದ ಅಲೆಯನ್ನು. ಗೀಚಿನ ನಡುವೆಯೂ ಆ ಅಲೆ ಕ್ರಮವಾಗಿ ಏಳುತ್ತಿದ್ದರೆ ಹೃದಯ ಬಡಿಯುತ್ತಿದೆ. ಅಲೆ ಮಲಗಿದರೆ ಕಾಟರಿ ಬಿಡಿ ಎಂದು ಕೂಗಬೇಕು. ಬಿಟ್ಟ ಕ್ಷಣ ಬಡಿತ ಮರಳುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಡ. ಪಲ್ಸ್ ಆಕ್ಸಿಮೀಟರ್ ಎಲ್ಲ ಥಿಯೇಟರಿನಲ್ಲೂ ಇದೆ, ನೋಡುವ ಕಣ್ಣು ತಯಾರಿರಬೇಕು ಅಷ್ಟೆ.

ಸಾಧನದ ಕೆಲವು ಸಹಜ ನಡತೆಗಳೂ ದೋಷದಂತೆ ಕಾಣುತ್ತವೆ. ಉಸಿರಾಟದ ವೇಗ ನೋಡಿ ಬಡಿತ ಏರಿಸುವ ಪೇಸ್‌ಮೇಕರುಗಳಿವೆ. ಎದೆಗೆ ಹಚ್ಚಿದ ಇಸಿಜಿ ತಂತಿಗಳಿಂದ ಮಾನಿಟರ್ ಉಸಿರಾಟ ಅಳೆಯಲು ಹರಿಸುವ ಸಣ್ಣ ವಿದ್ಯುತ್ತನ್ನು ಇಂಥ ಸಾಧನ ಉಸಿರಾಟವೆಂದು ತಿಳಿದು ಬಡಿತವನ್ನು ನೂರರ ಮೇಲೆ ಕೊಂಡೊಯ್ಯಬಹುದು. ರೋಗಿಗೆ ನೋವು ತಟ್ಟುತ್ತಿದೆ, ಅರಿವಳಿಕೆ ಸಾಲದು ಎಂದು ಔಷಧ ಹೆಚ್ಚಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಹೃತ್ಕುಕ್ಷಿಯನ್ನು ಸಾಧ್ಯವಾದಷ್ಟು ಬಡಿಸದಿರುವಂತೆ ರೂಪಿಸಿದ ಸಾಧನಗಳಲ್ಲಿ ಒಂದೊಂದು ಬಡಿತ ಬಿಟ್ಟುಹೋಗುವುದು ಸಹಜ. ಅದನ್ನು ಕಂಡು ಪೇಸ್‌ಮೇಕರ್ ಕೆಟ್ಟಿದೆಯೆಂದು ಶಸ್ತ್ರಚಿಕಿತ್ಸೆ ಮುಂದೂಡುವ ಸಂಭವವೂ ಇದೆ. ಎರಡೂ ಪ್ರಸಂಗಗಳಲ್ಲಿ ತಗಲುವ ಖರ್ಚು ತಿಳಿವಳಿಕೆಯ ಕೊರತೆಯದು.

ಮ್ಯಾಗ್ನೆಟ್

ಈ ಕ್ಷೇತ್ರದ ಅತ್ಯಂತ ಅಗ್ಗದ ಉಪಕರಣ ಅಯಸ್ಕಾಂತ. ಉದ್ದಿನವಡೆಯ ಹಾಗೆ ನಡುವೆ ತೂತಿರುವ, ಅಂಗೈಯಲ್ಲಿ ಕೂರುವ ಈ ತುಂಡನ್ನು ಚರ್ಮದ ಮೇಲಿನಿಂದ ಸಾಧನದ ನೇರಕ್ಕೆ ಇಟ್ಟರೆ ಒಳಗಿನ ಸ್ವಿಚ್ಚೋ ಸಂವೇದಕವೋ ಸ್ಪಂದಿಸುತ್ತದೆ. ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಸಂಕೇತವನ್ನು ಕೇಳುವುದನ್ನು ನಿಲ್ಲಿಸಿ ನಿಗದಿತ ವೇಗದಲ್ಲಿ ಬಡಿಸತೊಡಗುತ್ತದೆ. ಕಾಟರಿಯ ಗದ್ದಲ ಅದರ ಕಿವಿಗೆ ಬೀಳುವುದೇ ಇಲ್ಲ. ಆ ನಿಗದಿತ ವೇಗವೇ ಒಂದು ಮಾಹಿತಿ ಕೂಡ. ಮೆಡ್‌ಟ್ರಾನಿಕ್ ಪೇಸ್‌ಮೇಕರ್ ನಿಮಿಷಕ್ಕೆ 85 ಬಾರಿ ಬಡಿಸುತ್ತಿದ್ದರೆ ಬ್ಯಾಟರಿ ಚೆನ್ನಾಗಿದೆ, 65ಕ್ಕೆ ಇಳಿದಿದ್ದರೆ ಬದಲಿಸುವ ಕಾಲ ಬಂದಿದೆ. ಬಾಸ್ಟನ್ ಸೈಂಟಿಫಿಕ್ ಸಾಧನದಲ್ಲಿ ಈ ಅಂಕಿಗಳು 100 ಮತ್ತು 85. ಸಾಧನವನ್ನು ಹೊರಗಿನಿಂದ ಓದಿ ಹೊಂದಿಸುವ ಪ್ರೋಗ್ರಾಮರ್ ಯಂತ್ರವಿಲ್ಲದ ಊರಿನಲ್ಲೂ ಒಂದು ಇಸಿಜಿ, ಒಂದು ಮ್ಯಾಗ್ನೆಟ್ ಇದ್ದರೆ ಇಷ್ಟು ತಿಳಿಯಬಹುದು.

ಐಸಿಡಿಯ ಮೇಲಿಟ್ಟರೆ ಅದೇ ಮ್ಯಾಗ್ನೆಟ್ ಬೇರೆ ಕೆಲಸ ಮಾಡುತ್ತದೆ. ಶಾಕ್ ಕೊಡುವ ಗುಣ ತಾತ್ಕಾಲಿಕವಾಗಿ ನಿಲ್ಲುತ್ತದೆ, ತೆಗೆದೊಡನೆ ಮರಳುತ್ತದೆ. ಬಡಿಸುವ ಗುಣದಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ಈ ಒಂದು ವಾಕ್ಯ ಗೊತ್ತಿಲ್ಲದೆ ಅಪಾಯಕ್ಕೆ ಸಿಕ್ಕುವ ರೋಗಿ ಯಾರೆಂದರೆ, ಐಸಿಡಿಯನ್ನೇ ಪೇಸ್‌ಮೇಕರಾಗಿ ನೆಚ್ಚಿರುವವರು. ಮ್ಯಾಗ್ನೆಟ್ ಇಟ್ಟಿದ್ದೇವೆ, ಎಲ್ಲ ಸರಿ ಎಂದುಕೊಂಡರೆ ಶಾಕ್ ಬರುವುದಿಲ್ಲ ನಿಜ. ಆದರೆ ಕಾಟರಿಯ ಗದ್ದಲಕ್ಕೆ ಬಡಿಸುವಿಕೆ ನಿಂತು ಹೃದಯವೂ ನಿಲ್ಲಬಹುದು. ಇಂಥವರಿಗೆ ಪ್ರೋಗ್ರಾಮರ್ ತಂದು ಸಾಧನವನ್ನು ಹೊಂದಿಸಲೇಬೇಕು. ಬೋರಲು ಮಲಗಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲೂ ಮ್ಯಾಗ್ನೆಟ್ ಜಾರಿದರೆ ಕಾಣುವುದಿಲ್ಲವಾದ್ದರಿಂದ ಪ್ರೋಗ್ರಾಮರೇ ಮೇಲು.

ಕಂಪನಿಗಳು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಬಯೋಟ್ರಾನಿಕ್ ಪೇಸ್‌ಮೇಕರುಗಳ ಒಂದು ಹೊಂದಿಕೆಯಲ್ಲಿ ಮ್ಯಾಗ್ನೆಟ್ಟಿಗೆ ಹತ್ತು ಬಡಿತ ಮಾತ್ರ ಸ್ಪಂದಿಸಿ ಸಾಧನ ಹಳೆಯ ರೀತಿಗೆ ಮರಳುತ್ತದೆ. ಕೆಲವು ಸಾಧನಗಳಲ್ಲಿ ಮ್ಯಾಗ್ನೆಟ್ ಸ್ಪಂದನವನ್ನೇ ಮುಚ್ಚಿಡಬಹುದು. ಬಾಸ್ಟನ್ ಸೈಂಟಿಫಿಕ್ ಐಸಿಡಿ ಬೀಪ್ ಸದ್ದು ಮಾಡಿ ಮ್ಯಾಗ್ನೆಟ್ ಸರಿಯಾದ ಜಾಗದಲ್ಲಿದೆ ಎಂದು ತಿಳಿಸುತ್ತದೆ, ಎಲ್ಲವೂ ಹಾಗೆ ತಿಳಿಸುವುದಿಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯ ಅರಿವಳಿಕೆ ತಜ್ಞ ಮಾರ್ಕ್ ರೋಸ್ನರ್ ವರ್ಷಗಳ ಕಾಲ ಬರೆದು ಎಚ್ಚರಿಸಿದ್ದು ಇದನ್ನೇ: ಮ್ಯಾಗ್ನೆಟ್ ಏನು ಮಾಡುತ್ತದೆಂಬುದು ಗೊತ್ತಿಲ್ಲದೆ ಮ್ಯಾಗ್ನೆಟ್ ಇಡಬೇಡಿ.

ಯಾರಿಗೆ ಎಷ್ಟು ಬೇಕು

2011ರಲ್ಲಿ ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ ಮತ್ತು ಅರಿವಳಿಕೆ ತಜ್ಞರ ಸಂಘ ಒಟ್ಟಾಗಿ ಹೊರತಂದ ಒಮ್ಮತದ ದಾಖಲೆ ಈ ವಿಷಯದ ತಿರುವು. ಅದಕ್ಕಿಂತ ಮುಂಚೆ ಪ್ರತಿ ರೋಗಿಯ ಸಾಧನವನ್ನೂ ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಪ್ರೋಗ್ರಾಮರಿನಿಂದ ನೋಡಿಸುವ ವಾಡಿಕೆ ಅನೇಕ ಕಡೆ ಇತ್ತು. ಎಲ್ಲರಿಗೂ ಒಂದೇ ಸೂತ್ರ ಹೊಂದುವುದಿಲ್ಲ, ಹೆಚ್ಚಿನವರಿಗೆ ಹೊಸ ಪರೀಕ್ಷೆಯೇ ಬೇಡ ಎಂದು ಈ ದಾಖಲೆ ಹೇಳಿತು. ಪೇಸ್‌ಮೇಕರನ್ನು ಕಳೆದ 12 ತಿಂಗಳೊಳಗೆ, ಐಸಿಡಿಯನ್ನು 6 ತಿಂಗಳೊಳಗೆ, ಸಿಆರ್‌ಟಿಯನ್ನು 3ರಿಂದ 6 ತಿಂಗಳೊಳಗೆ ನೋಡಿಸಿದ್ದರೆ ಆ ವರದಿಯೇ ಸಾಕು. ಸಾಧನ ನೋಡುವ ತಂಡ ಶಸ್ತ್ರಚಿಕಿತ್ಸೆಯ ತಂಡಕ್ಕೆ ಸಲಹೆ ಕೊಡಬೇಕು. ಅದಕ್ಕೆ ರೋಗಿಯನ್ನು ಮತ್ತೆ ಕರೆಸಿಕೊಳ್ಳಬೇಕಾಗಿಲ್ಲ.

ಸಾಧನಕ್ಕೆ ತೊಂದರೆ ಎಷ್ಟೆಂಬುದಕ್ಕೆ ಗಡಿಗೆರೆ ಹೊಕ್ಕುಳು. ಹೊಕ್ಕುಳಿನ ಕೆಳಗಿನ ಶಸ್ತ್ರಚಿಕಿತ್ಸೆಯಲ್ಲಿ, ಪ್ಲೇಟನ್ನು ತೊಡೆಗೆ ಹಚ್ಚಿದಾಗ, ವಿದ್ಯುತ್ತಿನ ದಾರಿ ಎದೆಯತ್ತ ಬರುವುದೇ ಇಲ್ಲ. ಸಾಮಾನ್ಯವಾಗಿ ಸಾಧನದ ಹೊಂದಿಕೆಯನ್ನು ಬದಲಿಸುವ ಅಗತ್ಯವಿಲ್ಲ. ಮಂಡಿ ಕೀಲು, ಪ್ರಾಸ್ಟೇಟ್, ತೊಡೆಸಂದಿನ ಹರ್ನಿಯ ಈ ಗುಂಪಿನವು. ಹೊಕ್ಕುಳಿನ ಮೇಲಿನ ಶಸ್ತ್ರಚಿಕಿತ್ಸೆಯಲ್ಲಿ, ಅದರಲ್ಲೂ ಕಾಟರಿ ಸಾಧನದಿಂದ 15 ಸೆಂಟಿಮೀಟರ್ ಒಳಗೆ ಬಂದಾಗ, ತೊಂದರೆಯ ಸಂಭವ ಹೆಚ್ಚು. ಸ್ತನ, ಕುತ್ತಿಗೆ, ಭುಜದ ಶಸ್ತ್ರಚಿಕಿತ್ಸೆಗಳು ಇಂಥವು. ಎರಡು ತುದಿಗಳ ನಡುವೆಯೇ ವಿದ್ಯುತ್ತು ಹರಿಯುವ ಬೈಪೋಲಾರ್ ಕಾಟರಿಯಿಂದ ತೊಂದರೆ ತೀರಾ ಕಡಿಮೆ. ಕಂಪನದಿಂದ ಕೊಯ್ಯುವ ಅಲ್ಟ್ರಾಸಾನಿಕ್ ಉಪಕರಣಗಳೂ ಹಾಗೆಯೇ. ಕಣ್ಣಿನ ಪೊರೆಯ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಮೊನೊಪೋಲಾರ್ ಕಾಟರಿಯೇ ಬೇಕಾಗದು. ಆದರೂ ಪೇಸ್‌ಮೇಕರ್ ಇದೆ ಎಂಬ ಒಂದೇ ಕಾರಣಕ್ಕೆ ಕಣ್ಣಿನ ರೋಗಿಯನ್ನು ಹೃದಯದ ಆಸ್ಪತ್ರೆಗೆ 'ಫಿಟ್‌ನೆಸ್ ಬರೆಸಿಕೊಂಡು ಬನ್ನಿ' ಎಂದು ಅಟ್ಟುವುದುಂಟು. ಆ ಪ್ರಯಾಣದಿಂದ ರೋಗಿಗೆ ಸಿಗುವ ಸುರಕ್ಷತೆ ಹೆಚ್ಚುಕಡಿಮೆ ಸೊನ್ನೆ.

ತುರ್ತು ಶಸ್ತ್ರಚಿಕಿತ್ಸೆಯಲ್ಲಿ ವರದಿ ಹುಡುಕಲು ಹೊತ್ತಿರುವುದಿಲ್ಲ. ಆಗ ಎದೆಯ ಎಕ್ಸ್‌ರೇ ಬಹಳಷ್ಟು ಹೇಳುತ್ತದೆ: ಹೃದಯದೊಳಗಿನ ತಂತಿಯಲ್ಲಿ ದಪ್ಪನೆಯ ಸುರುಳಿ ಕಂಡರೆ ಅದು ಐಸಿಡಿ, ಇಲ್ಲದಿದ್ದರೆ ಪೇಸ್‌ಮೇಕರ್. ಸಾಧನದ ಮೇಲಿನ ಕಂಪನಿಯ ಗುರುತೂ ಅನೇಕ ವೇಳೆ ಓದಲು ಸಿಗುತ್ತದೆ. ಇಸಿಜಿಯಲ್ಲಿ ಪ್ರತಿ ಬಡಿತದ ಮುಂದೂ ತಾಡನದ ಗೆರೆ ಇದ್ದರೆ ರೋಗಿ ಸಾಧನವನ್ನೇ ನೆಚ್ಚಿರಬಹುದೆಂದು ಭಾವಿಸಿ ನಡೆಯಬೇಕು.

ವೆಚ್ಚ ಎಲ್ಲಿ ಹುಟ್ಟುತ್ತದೆ

ಕ್ಯಾಲಿಫೋರ್ನಿಯದ ಆಸ್ಪತ್ರೆಗಳ ಲೆಕ್ಕಪತ್ರ ಆಧರಿಸಿ 2018ರಲ್ಲಿ 'ಜಾಮಾ ಸರ್ಜರಿ'ಯಲ್ಲಿ ಪ್ರಕಟವಾದ ಅಧ್ಯಯನದಂತೆ 2014ರ ಆರ್ಥಿಕ ವರ್ಷದಲ್ಲಿ ಥಿಯೇಟರಿನ ಒಂದು ನಿಮಿಷದ ಸರಾಸರಿ ವೆಚ್ಚ 36ರಿಂದ 37 ಡಾಲರ್. ಪ್ರೋಗ್ರಾಮರ್ ಹಿಡಿದ ತಂತ್ರಜ್ಞ ಬರಲೆಂದು ಒಂದು ತಂಡ 20 ನಿಮಿಷ ಕಾದರೆ ಈ ಲೆಕ್ಕದಲ್ಲಿ 700 ಡಾಲರಿಗೂ ಮಿಕ್ಕಿ ಕರಗಿತು. ದಿನದ ಮೊದಲ ಶಸ್ತ್ರಚಿಕಿತ್ಸೆಯೇ ತಡವಾದರೆ ಅದರ ಹಿಂದೆ ಸರದಿಯಲ್ಲಿರುವ ಎಲ್ಲವೂ ತಡವಾಗುತ್ತವೆ, ಸಂಜೆಯ ಪಟ್ಟಿಯ ಕೊನೆಯ ರೋಗಿ ಹಸಿದ ಹೊಟ್ಟೆಯಲ್ಲೇ ವಾರ್ಡಿಗೆ ಮರಳುತ್ತಾರೆ.

ಈ ಗುಣಾಕಾರವನ್ನು ಇದ್ದಂತೆ ನಂಬುವುದೂ ಸರಿಯಲ್ಲ. ಅದೇ ಅಧ್ಯಯನ ತೋರಿಸುವಂತೆ ಆ ಮೊತ್ತದಲ್ಲಿ ನೇರ ವೆಚ್ಚ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ; ಉಳಿದದ್ದು ಕಟ್ಟಡ, ಆಡಳಿತ ಮುಂತಾದ ಮೇಲುಖರ್ಚು. ಥಿಯೇಟರ್ ಖಾಲಿಯಿದ್ದರೂ ದಾದಿಯರ ಸಂಬಳ ನಿಲ್ಲುವುದಿಲ್ಲ. ಉಳಿಸಿದ 20 ನಿಮಿಷ ಹಣವಾಗುವುದು ಎರಡೇ ಸಂದರ್ಭದಲ್ಲಿ: ಆ ಉಳಿತಾಯದಲ್ಲಿ ಇನ್ನೊಬ್ಬ ರೋಗಿಯ ಶಸ್ತ್ರಚಿಕಿತ್ಸೆ ಹಿಡಿಸಿದಾಗ, ಇಲ್ಲವೇ ಸಿಬ್ಬಂದಿಯ ಹೆಚ್ಚುವರಿ ದುಡಿಮೆ ತಪ್ಪಿದಾಗ. ಹಾರ್ವರ್ಡಿನ ರಾಬರ್ಟ್ ಕ್ಯಾಪ್ಲನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಮಂಡಿಸಿದ, ಸಮಯವನ್ನೇ ಅಳತೆಗೋಲಾಗಿಸುವ ವೆಚ್ಚ ಲೆಕ್ಕದ ವಿಧಾನ ಇಲ್ಲಿ ಹೆಚ್ಚು ಉಪಯುಕ್ತ. ರೋಗಿ ಬಂದಲ್ಲಿಂದ ಹೊರಡುವವರೆಗೆ ಯಾರು ಎಷ್ಟು ನಿಮಿಷ ಆತನಿಗಾಗಿ ಕಳೆದರು, ಆ ವ್ಯಕ್ತಿಯ ನಿಮಿಷದ ಬೆಲೆ ಎಷ್ಟು ಎಂದು ಬರೆದುಕೊಂಡು ಹೋದರೆ ಕಾಯುವಿಕೆ ತನ್ನ ನಿಜವಾದ ಬೆಲೆಯೊಂದಿಗೆ ಕಣ್ಣಿಗೆ ಬೀಳುತ್ತದೆ.

ಕಾಯುವಿಕೆಗಿಂತ ದುಬಾರಿಯಾದದ್ದು ಕೊನೆ ಗಳಿಗೆಯ ರದ್ದತಿ. ಅದಕ್ಕಿಂತ ಕಡಿಮೆ ಗಮನಕ್ಕೆ ಬರುವುದು ಅನಗತ್ಯ ಪರೀಕ್ಷೆ. ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ಮುಂಚಿನ, ನಂತರದ ಸಾಧನ ಪರೀಕ್ಷೆಗೆ ಪ್ರತ್ಯೇಕ ಬಿಲ್ಲಿಂಗ್ ಸಂಕೇತಗಳಿವೆ. ಪ್ರತಿ ಪರೀಕ್ಷೆಗೂ ಹಣ ಸಿಗುವ ವ್ಯವಸ್ಥೆಯಲ್ಲಿ ಒಬ್ಬರಿಗೆ ವೆಚ್ಚವಾದದ್ದು ಇನ್ನೊಬ್ಬರಿಗೆ ಆದಾಯ. ಹೀಗಾಗಿ ಬೇಡದ ಪರೀಕ್ಷೆ ತಾನಾಗಿ ಕಡಿಮೆಯಾಗುವುದಿಲ್ಲ. ದಕ್ಷತೆಯ ಮಾತು ಬಂದಾಗ ಯಾರ ವೆಚ್ಚ ಎಂದು ಕೇಳದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಆಸ್ಪತ್ರೆ, ವಿಮೆ, ರೋಗಿ ಈ ಮೂವರ ಪುಸ್ತಕಗಳು ಬೇರೆ ಬೇರೆ.

ಹೊಣೆ ಯಾರದು

ಬಹುಕಾಲ ಈ ಕೆಲಸ ಕಂಪನಿಯ ಪ್ರತಿನಿಧಿಗಳ ಮೇಲೆ ಬಿದ್ದಿತ್ತು, ಅನೇಕ ಕಡೆ ಈಗಲೂ ಬಿದ್ದಿದೆ. ಫೋನ್ ಮಾಡಿದರೆ ಅವರು ಪ್ರೋಗ್ರಾಮರ್ ಪೆಟ್ಟಿಗೆಯೊಂದಿಗೆ ಬರುತ್ತಾರೆ, ಆಸ್ಪತ್ರೆಗೆ ಬಿಲ್ ಬರುವುದಿಲ್ಲ. ಬಿಟ್ಟಿಯಾಗಿ ಕಾಣುವ ಈ ಸೇವೆಯ ಬೆಲೆ ಸಾಧನದ ಬೆಲೆಯೊಳಗೇ ಸೇರಿದೆ. ಅವರು ನುರಿತವರು, ಆದರೆ ಯಾವ ಬದಲಾವಣೆ ಮಾಡಬೇಕೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ಕಂಪನಿಯ ಸಿಬ್ಬಂದಿ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಮಾಡಬಾರದೆಂದು 2011ರ ದಾಖಲೆ ಬಿಡಿಸಿ ಹೇಳಿದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿನ ಅರಿವಳಿಕೆ ತಜ್ಞರ ಒಂದು ಸಣ್ಣ ಗುಂಪು ಹೃದಯ ಲಯ ತಜ್ಞರಿಂದ ತರಬೇತಿ ಪಡೆದು, ಪ್ರೋಗ್ರಾಮರನ್ನು ತಾವೇ ಕೈಗೆ ತೆಗೆದುಕೊಂಡರು. ತೊಡಕಿನ ಪ್ರಸಂಗಕ್ಕೆ ಲಯ ತಜ್ಞರ ಬೆಂಬಲ ಇದ್ದೇ ಇತ್ತು. ತಕ್ಕ ತರಬೇತಿಯಿದ್ದರೆ ಅರಿವಳಿಕೆ ವಿಭಾಗವೇ ಈ ಸೇವೆಯನ್ನು ಸುರಕ್ಷಿತವಾಗಿ ನಡೆಸಬಲ್ಲದೆಂದು ಅವರ ಅನುಭವದ ವರದಿ 2015ರಲ್ಲಿ 'ಅನೆಸ್ತೀಸಿಯಾಲಜಿ' ಪತ್ರಿಕೆಯಲ್ಲಿ ಬಂತು. ಪೋರ್ಟ್‌ಲ್ಯಾಂಡಿನ ಆರೆಗನ್ ಆರೋಗ್ಯ ಮತ್ತು ವಿಜ್ಞಾನ ವಿಶ್ವವಿದ್ಯಾಲಯ ಇಂಥದೇ ಸೇವೆ ಆರಂಭಿಸಿ, ಅದರ ಮುಂಚಿನ ಮತ್ತು ನಂತರದ ವಿಳಂಬವನ್ನು ಹೋಲಿಸಿ 2017ರಲ್ಲಿ 'ಅನೆಸ್ತೀಸಿಯ ಅಂಡ್ ಅನಾಲ್ಜೀಸಿಯ'ದಲ್ಲಿ ಪ್ರಕಟಿಸಿತು: ಬೆಳಗಿನ ಮೊದಲ ಶಸ್ತ್ರಚಿಕಿತ್ಸೆಗಳು ಸಾಧನದ ಕಾರಣಕ್ಕೆ ತಡವಾಗುವುದು ಕಡಿಮೆಯಾಗಿತ್ತು. ರೋಗಿಯ ಪಕ್ಕದಲ್ಲಿ ಮೊದಲಿನಿಂದ ಕೊನೆಯವರೆಗೂ ಇರುವವರು ಅರಿವಳಿಕೆ ತಜ್ಞರೇ ಆದ್ದರಿಂದ ಈ ಏರ್ಪಾಡು ಸಹಜವಾಗಿದೆ. ಇದಕ್ಕೂ ಖರ್ಚಿದೆ. ತರಬೇತಿಯ ತಿಂಗಳುಗಳು, ರಾತ್ರಿಪಾಳಿಯಲ್ಲೂ ಒಬ್ಬರಾದರೂ ಸಿಗುವಂತೆ ಮಾಡಬೇಕಾದ ಏರ್ಪಾಡು, ನಾಲ್ಕೈದು ಕಂಪನಿಗಳ ಪ್ರೋಗ್ರಾಮರುಗಳು. ಒಂದರ ಪ್ರೋಗ್ರಾಮರ್ ಇನ್ನೊಂದರ ಸಾಧನವನ್ನು ಓದುವುದಿಲ್ಲ. ಸಾಧನವಿರುವ ರೋಗಿಗಳು ಅಪರೂಪಕ್ಕೆ ಬರುವ ಸಣ್ಣ ಆಸ್ಪತ್ರೆಗೆ ಇಷ್ಟು ಹೂಡಿಕೆ ದಕ್ಕುವುದಿಲ್ಲ. ಅಲ್ಲಿ ಒಳ್ಳೆಯ ಮುಂಗಡ ಮಾಹಿತಿ ಮತ್ತು ಮ್ಯಾಗ್ನೆಟ್ಟಿನ ಸರಿಯಾದ ಬಳಕೆಯೇ ನಡೆಯಬಲ್ಲ ದಾರಿ.

ಮರಳಿ ಆನ್ ಮಾಡುವುದು

ಪ್ರೋಗ್ರಾಮರಿನಿಂದ ಐಸಿಡಿಯ ಶಾಕ್ ಗುಣವನ್ನು ಆಫ್ ಮಾಡಿದರೆ ಮತ್ತೆ ಪ್ರೋಗ್ರಾಮರಿನಿಂದಲೇ ಆನ್ ಮಾಡಬೇಕು. ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿದು, ಪಾಳಿ ಬದಲಾಗಿ, ಚೀಟಿಯಲ್ಲಿ ಬರೆದದ್ದು ಮುಂದಿನವರ ಕಣ್ಣಿಗೆ ಬೀಳದೆ, ರೋಗಿ ಆಫ್ ಆದ ಐಸಿಡಿಯೊಂದಿಗೆ ವಾರ್ಡಿಗೋ ಮನೆಗೋ ಹೋಗಿಬಿಡಬಹುದು. ಮಾರಕ ಲಯದ ಅಪಾಯವಿದೆ ಎಂದೇ ಐಸಿಡಿ ಅಳವಡಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಹೀಗಾಗಿ ಶಾಕ್ ಆಫ್ ಆದ ಗಳಿಗೆಯಿಂದ ರೋಗಿಗೆ ನಿರಂತರ ಮಾನಿಟರ್ ಇರಬೇಕು, ಬಾಹ್ಯ ಡಿಫಿಬ್ರಿಲೇಟರ್ ಪಕ್ಕದಲ್ಲಿರಬೇಕು, ಮರಳಿ ಆನ್ ಆಗುವವರೆಗೆ ಆ ಕೋಣೆ ಬಿಡುವಂತಿಲ್ಲ. ತಂತ್ರಜ್ಞ ಬರುವುದು ತಡವಾದರೆ ಚೇತರಿಕೆ ಕೊಠಡಿಯ ಹಾಸಿಗೆ ಆವರೆಗೂ ಬಿಡುವಾಗುವುದಿಲ್ಲ, ಅದೂ ವೆಚ್ಚವೇ. ಮ್ಯಾಗ್ನೆಟ್ಟಿನ ದೊಡ್ಡ ಅನುಕೂಲ ಕಾಣುವುದು ಇಲ್ಲಿ: ತೆಗೆದರೆ ಸಾಧನ ತಾನಾಗಿ ಕೆಲಸಕ್ಕೆ ಮರಳುತ್ತದೆ, ಮರೆಯುವ ಪ್ರಶ್ನೆಯಿಲ್ಲ. ಮ್ಯಾಗ್ನೆಟ್ ಸಾಕಾಗುವಲ್ಲಿ ಪ್ರೋಗ್ರಾಮರ್ ಬಳಸದಿರುವುದು ಅಗ್ಗ ಮಾತ್ರವಲ್ಲ, ಹೆಚ್ಚು ಸುರಕ್ಷಿತವೂ ಹೌದು.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆ ಬಿಡುವ ಮುಂಚೆಯೇ ಸಾಧನ ನೋಡಿಸಬೇಕಾದವರು ಕೆಲವರು ಮಾತ್ರ: ಸಾಧನದ ಹೊಂದಿಕೆಯನ್ನು ಬದಲಿಸಿಕೊಂಡವರು, ಹೃದಯ ಅಥವಾ ದೊಡ್ಡ ರಕ್ತನಾಳದ ಶಸ್ತ್ರಚಿಕಿತ್ಸೆಯಾದವರು, ನಡುವೆ ಹೃದಯ ನಿಂತವರು ಅಥವಾ ಹೊರಗಿನಿಂದ ಶಾಕ್ ಪಡೆದವರು. ಮೊನೊಪೋಲಾರ್ ಕಾಟರಿ ಬಳಸಿದ ಉಳಿದವರು ಒಂದು ತಿಂಗಳೊಳಗೆ ನೋಡಿಸಿದರಾಯಿತು. ಒಂದು ತಿಂಗಳೊಳಗೆ ಪರೀಕ್ಷೆಗೆ ಬರಲಾಗದವರನ್ನೂ ಮನೆಗೆ ಕಳಿಸುವ ಮುಂಚೆಯೇ ನೋಡಬೇಕು ಎಂದು 2011ರ ದಾಖಲೆ ಸೇರಿಸುತ್ತದೆ. ದೂರದ ಊರಿನವರ ಕಷ್ಟ ಅರಿತ ಮಾತಿದು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಹೃದಯ ಸಾಧನಗಳನ್ನು ಅಳವಡಿಸುವ ಮುಖ್ಯ ಸರ್ಕಾರಿ ಸಂಸ್ಥೆ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ. ಮೈಸೂರು, ಕಲಬುರಗಿಗಳಲ್ಲೂ ಅದರ ಆಸ್ಪತ್ರೆಗಳಿವೆ. 2018ರ ಮಾರ್ಚಿನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಆಮೇಲೆ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಇಂಥ ಯೋಜನೆಗಳಿಂದ ಬಡ ಕುಟುಂಬಗಳವರಿಗೂ ಪೇಸ್‌ಮೇಕರ್ ಕೈಗೆಟುಕುವಂತಾಯಿತು. ಸಾಧನ ಹಾಕಿಸಿಕೊಂಡದ್ದು ದೊಡ್ಡ ಊರಿನಲ್ಲಿ, ಆಮೇಲೆ ಹರ್ನಿಯಕ್ಕೋ ಮುರಿದ ತೊಡೆಮೂಳೆಗೋ ದಾಖಲಾಗುವುದು ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಪ್ರೋಗ್ರಾಮರ್ ಇರುವುದಿಲ್ಲ. ಕಂಪನಿಯ ಪ್ರತಿನಿಧಿ ಇನ್ನೊಂದು ಜಿಲ್ಲೆಯಿಂದ ಬರಬೇಕು.

ಪ್ಯಾಕೇಜ್ ದರದ ಯೋಜನೆಯಲ್ಲಿ ಅಮೆರಿಕದಂತೆ ಪ್ರತಿ ಪರೀಕ್ಷೆಗೂ ಬಿಲ್ ಹೆಚ್ಚುವುದಿಲ್ಲ. ವಿಳಂಬದ ಹೊರೆ ಆಸ್ಪತ್ರೆಯ ಮೇಲೂ, ಅದಕ್ಕಿಂತ ಹೆಚ್ಚಾಗಿ ರೋಗಿಯ ಮೇಲೂ ಬೀಳುತ್ತದೆ. ಯಾದಗಿರಿಯ ಹಳ್ಳಿಯ ರೋಗಿಯೊಬ್ಬರು ಫಿಟ್‌ನೆಸ್ ಪತ್ರಕ್ಕಾಗಿ ಬೆಂಗಳೂರಿಗೆ ಹೋಗಿಬರಬೇಕಾದರೆ ಜೊತೆಗೊಬ್ಬರು ಬೇಕು, ಇಬ್ಬರ ಪ್ರಯಾಣ, ಊಟ, ಮಗನ ಕೂಲಿ ಎಲ್ಲವೂ ಖರ್ಚು. ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಈ ಹಣ ಕಾಣುವುದಿಲ್ಲ. ಕಾಣದ ಕಾರಣಕ್ಕೆ ಅದನ್ನು ಉಳಿಸುವ ಯೋಚನೆಯೂ ಯಾರಿಗೂ ಬರುವುದಿಲ್ಲ.

ಇಲ್ಲಿ ಮೊದಲು ಆಗಬೇಕಾದ್ದು ದೊಡ್ಡ ಹೂಡಿಕೆಯಲ್ಲ. ಸಾಧನ ಅಳವಡಿಸಿದ ದಿನ ಕೊಡುವ ಕಾರ್ಡಿನಲ್ಲಿ ಕಂಪನಿ, ಮಾದರಿ, ಅಳವಡಿಸಿದ ದಿನಾಂಕ ಇರುತ್ತವೆ. ಅದರ ಜೊತೆ ಮೂರು ಸಂಗತಿಗಳನ್ನು ಕನ್ನಡದಲ್ಲೂ ಬರೆದುಕೊಟ್ಟರೆ ತಾಲ್ಲೂಕಿನ ಅರಿವಳಿಕೆ ವೈದ್ಯರಿಗೆ ಬೇಕಾದದ್ದು ಬಹುಪಾಲು ಸಿಕ್ಕಂತೆ: ಶಾಕ್ ಗುಣ ಇದೆಯೇ ಇಲ್ಲವೇ, ಹೃದಯ ಸಾಧನವನ್ನು ಪೂರ್ತಿ ನೆಚ್ಚಿದೆಯೇ, ಮ್ಯಾಗ್ನೆಟ್ ಇಟ್ಟರೆ ಏನಾಗುತ್ತದೆ. ರೋಗಿಗಳು ಆ ಕಾರ್ಡನ್ನು ಮನೆಯ ಟ್ರಂಕಿನಲ್ಲಿ ಭದ್ರವಾಗಿಡದೆ ಜೇಬಿನಲ್ಲಿ, ಫೋನಿನ ಫೋಟೋದಲ್ಲಿ ಇಟ್ಟುಕೊಳ್ಳುವಂತೆ ಹೇಳಬೇಕು. ಕಳೆದ ತಪಾಸಣೆಯ ವರದಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಹೃದಯ ತಜ್ಞರಿಗೆ ಕಳಿಸಿ ಅಭಿಪ್ರಾಯ ಪಡೆದರೆ ಹೆಚ್ಚಿನ ಹೊ​ಕ್ಕುಳಿನ ಕೆಳಗಿನ ಶಸ್ತ್ರಚಿಕಿತ್ಸೆಗಳು ಊರಿನಲ್ಲೇ ಮುಗಿಯುತ್ತವೆ. ಐಸಿಡಿಯನ್ನೇ ಪೇಸ್‌ಮೇಕರಾಗಿ ನೆಚ್ಚಿರುವವರ ಎದೆ, ಕುತ್ತಿಗೆಯ ಶಸ್ತ್ರಚಿಕಿತ್ಸೆಗಳನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಸರಿ. ಅಲ್ಲಿ ಪ್ರಯಾಣದ ಖರ್ಚು ಸಾರ್ಥಕ.

ದೇಶದೊಳಗೆ ಪೇಸ್‌ಮೇಕರ್ ತಯಾರಿಸುವ ಕಂಪನಿಯೂ ಇದೆ: ಮಧ್ಯಪ್ರದೇಶದ ಪೀಥಂಪುರದ ಶ್ರೀ ಪೇಸ್‌ಟ್ರಾನಿಕ್ಸ್. ಹೀಗೆ ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ಕಾಲದ ಸಾಧನಗಳು ಒಂದೇ ಜಿಲ್ಲೆಯ ರೋಗಿಗಳಲ್ಲಿ ಇರುವಾಗ, ಅವುಗಳ ಮ್ಯಾಗ್ನೆಟ್ ವೇಗಗಳ ಒಂದು ಪುಟದ ಪಟ್ಟಿ ಪ್ರತಿ ಥಿಯೇಟರಿನ ಗೋಡೆಯ ಮೇಲಿರುವುದು ಒಳ್ಳೆಯದು.

ಹೊಸ ಸಾಧನಗಳು

ದೂರದಿಂದಲೇ ಸಾಧನವನ್ನು ಗಮನಿಸುವ ವ್ಯವಸ್ಥೆ ಶಸ್ತ್ರಚಿಕಿತ್ಸೆಯ ಸಿದ್ಧತೆಯನ್ನು ಸುಲಭ ಮಾಡಿದೆ. ರೋಗಿಯ ಮನೆಯಲ್ಲಿಟ್ಟ ಪೆಟ್ಟಿಗೆ ಅಥವಾ ಫೋನ್ ಸಾಧನದ ಮಾಹಿತಿಯನ್ನು ಆಸ್ಪತ್ರೆಗೆ ಕಳಿಸುತ್ತದೆ; ಬ್ಯಾಟರಿ, ತಂತಿಗಳ ಸ್ಥಿತಿ, ಈಚಿನ ಲಯದೋಷ ಎಲ್ಲ ರೋಗಿ ಊರಿನಲ್ಲಿರುವಾಗಲೇ ತಿಳಿಯುತ್ತವೆ. ದೂರದಿಂದ ಓದಬಹುದು, ಶಸ್ತ್ರಚಿಕಿತ್ಸೆಗೆಂದು ಹೊಂದಿಕೆ ಬದಲಿಸಲು ಮಾತ್ರ ಸಾಮಾನ್ಯವಾಗಿ ಪ್ರೋಗ್ರಾಮರ್ ರೋಗಿಯ ಬಳಿಗೇ ಬರಬೇಕು.

ತಂತಿಯಿಲ್ಲದ ಪೇಸ್‌ಮೇಕರ್ ಇನ್ನೊಂದು ಬದಲಾವಣೆ ತಂದಿದೆ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಮೆಡ್‌ಟ್ರಾನಿಕ್‌ನ ಮೈಕ್ರಾ ಗುಳಿಗೆಯಷ್ಟು ಚಿಕ್ಕದು, ನೇರವಾಗಿ ಹೃತ್ಕುಕ್ಷಿಯೊಳಗೆ ಕೂರುತ್ತದೆ. ಜಾಗ ಉಳಿಸಲು ಅದರಲ್ಲಿ ಮ್ಯಾಗ್ನೆಟ್ ಸಂವೇದಕವನ್ನೇ ಇಟ್ಟಿಲ್ಲ. ಎದೆಯ ಚರ್ಮದಡಿ ಯಾವ ಉಬ್ಬೂ ಕೈಗೆ ಸಿಗುವುದಿಲ್ಲ, ಮ್ಯಾಗ್ನೆಟ್ ಇಟ್ಟರೆ ಏನೂ ಆಗುವುದಿಲ್ಲ. ಇಂಥ ರೋಗಿಯಲ್ಲಿ ಅಗ್ಗದ ದಾರಿ ಮುಚ್ಚಿದೆ; ಸಾಧನವನ್ನು ಪೂರ್ತಿ ನೆಚ್ಚಿರುವವರಾದರೆ ಹೊಕ್ಕುಳಿನ ಮೇಲಿನ ಶಸ್ತ್ರಚಿಕಿತ್ಸೆಗೆ ಪ್ರೋಗ್ರಾಮರ್ ಬೇಕೇ ಬೇಕು. ತಂತಿಯೂ ಹೃದಯದೊಳಗೆ ಹೋಗದೆ ಚರ್ಮದಡಿಯಲ್ಲೇ ಇರುವ ಬಗೆಯ ಐಸಿಡಿಯಲ್ಲಿ ಯಂತ್ರವಿರುವುದು ಎಡ ಪಕ್ಕೆಯ ಬಳಿ. ಮ್ಯಾಗ್ನೆಟ್ಟನ್ನು ಕೊರಳಮೂಳೆಯ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ, ಪಕ್ಕೆಯ ಮೇಲೆ ಇಡಬೇಕು. ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲಿ ಎದೆಯನ್ನು ಮುಟ್ಟಿ ನೋಡಿ 'ಏನೂ ಇಲ್ಲ' ಎಂದು ಬರೆಯುವ ಹಳೆಯ ಪದ್ಧತಿ ಈ ಸಾಧನಗಳಿಗೆ ಸಾಲದು. ನಿಮಗೆ ಹೃದಯದ ಯಂತ್ರ ಹಾಕಿದ್ದಾರೆಯೇ, ಎಲ್ಲಿ, ಯಾವ ವರ್ಷ ಎಂದು ಬಾಯಿಬಿಟ್ಟು ಕೇಳಬೇಕಾಗಿದೆ, ಕಾರ್ಡ್ ತರಿಸಿ ನೋಡಬೇಕಾಗಿದೆ.